ಬೆಟ್ಟ ಆಮೇಲೆ, ಮೊದಲು ವಾಪಸ್ ಬಸ್ಸು

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಕೆಲಸ ಮಾಡುತ್ತೇನೆ, ತಂಗಿ ಇಲ್ಲೇ ಓದುತ್ತಿದ್ದಾಳೆ. ಇಬ್ಬರಿಗೂ ಮಲೆನಾಡಿನ ಕಾಡು ಬೆಟ್ಟಗಳಲ್ಲಿ ನಡೆಯುವ ಆಸೆ. ನಮ್ಮ ಹತ್ತಿರ ಕಾರಿಲ್ಲ, ಬೈಕಿಲ್ಲ. ಒಮ್ಮೆ ಟ್ರೆಕಿಂಗ್ ಗುಂಪಿನ ಜೊತೆ ಹೋಗಿದ್ದೆವು. ಓಡಿಸಿಕೊಂಡು ಹೋಗಿ ಓಡಿಸಿಕೊಂಡು ಬಂದರು, ಏನೂ ನೋಡಿದ ಹಾಗಾಗಲಿಲ್ಲ. ಬಸ್ಸಲ್ಲೇ ಹೋಗಿ ನಮ್ಮ ಪಾಡಿಗೆ ನಾವು ನಡೆದು ಬರಬಹುದಾ? ಯಾವ ಬೆಟ್ಟದಿಂದ ಶುರು ಮಾಡಬೇಕು? ಹೆಣ್ಣುಮಕ್ಕಳು ಇಬ್ಬರೇ ಹೋಗುವುದು ಸರಿಯಾ?

ಉತ್ತರ: ಖಂಡಿತ ಬರಬಹುದು. ಪಶ್ಚಿಮ ಘಟ್ಟದ ಒಳ್ಳೊಳ್ಳೆ ಕಾಲುದಾರಿಗಳಲ್ಲಿ ಬಹುಪಾಲು ಯಾವುದೋ ಊರಿನ ಬಸ್ ಸ್ಟಾಪಿನ ಹತ್ತಿರವೇ ಶುರುವಾಗುತ್ತವೆ. ಕುಮಾರ ಪರ್ವತಕ್ಕೆ ಕುಕ್ಕೆ ಸುಬ್ರಹ್ಮಣ್ಯ, ತಡಿಯಂಡಮೋಳಿಗೆ ಕಕ್ಕಬೆ, ನರಸಿಂಹ ಪರ್ವತಕ್ಕೆ ಕಿಗ್ಗ, ಕೊಡಚಾದ್ರಿಗೆ ಕೊಲ್ಲೂರು, ಕುದುರೆಮುಖಕ್ಕೆ ಕಳಸ. ಇವುಗಳಲ್ಲಿ ಬಹುಪಾಲು ದೇವಸ್ಥಾನದ ಊರುಗಳು ಅಥವಾ ಅದರ ದಾರಿಯಲ್ಲಿರುವ ಊರುಗಳು. ಭಕ್ತರಿಗೋಸ್ಕರ ಓಡುವ ರಾತ್ರಿ ಬಸ್ಸುಗಳು ನಿಮಗೂ ಸಿಗುತ್ತವೆ.

ಹೋಗುವುದು ಸುಲಭ. ಕಷ್ಟ ಇರುವುದು ಬರುವುದರಲ್ಲಿ. ಹಾಗಾಗಿ ನಾನು ಯಾರಿಗೇ ಆದರೂ ಮೊದಲು ಹೇಳುವುದು ಒಂದೇ ಮಾತು: ಬೆಟ್ಟವನ್ನು ಮೊದಲು ಆರಿಸಬೇಡಿ. ಬೆಟ್ಟದ ಬುಡದಿಂದ ಪೇಟೆಗೆ ವಾಪಸ್ ಬರುವ ಕೊನೆ ಬಸ್ಸು ಎಷ್ಟು ಗಂಟೆಗೆ ಅಂತ ತಿಳಿದುಕೊಳ್ಳಿ. ಆ ಗಂಟೆಯಿಂದ ಹಿಂದಕ್ಕೆ ಲೆಕ್ಕ ಹಾಕಿ. ಲೆಕ್ಕ ಕೂಡಿದರೆ ಆ ಬೆಟ್ಟ ನಿಮ್ಮದು. ಕೂಡದಿದ್ದರೆ ಅಲ್ಲೇ ಒಂದು ರಾತ್ರಿ ಉಳಿಯಲು ಜಾಗ ನೋಡಿ, ಇಲ್ಲವೇ ಬೇರೆ ಬೆಟ್ಟ ನೋಡಿ.

ಈ ಕೊನೆ ಬಸ್ಸಿನ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಹೊಸಬರು ಎಡವುವುದು ಇಲ್ಲೇ. ಮಲೆನಾಡಿನ ಹಳ್ಳಿಯಲ್ಲಿ "ಲಾಸ್ಟ್ ಬಸ್ ಎಷ್ಟಕ್ಕೆ?" ಅಂತ ಕೇಳಿದರೆ "ಏಳಕ್ಕೆ ಒಂದು ಬರುತ್ತೆ" ಅನ್ನುತ್ತಾರೆ. ಅವರು ಹೇಳಿದ್ದು ನಿಜವೇ. ಆದರೆ ಆ ಏಳರ ಬಸ್ಸು ಪೇಟೆಯಿಂದ ಹಳ್ಳಿಗೆ ಬರುವ ಹಾಲ್ಟ್ ಬಸ್ಸು. ಡ್ರೈವರ್, ಕಂಡಕ್ಟರ್ ಇಬ್ಬರೂ ರಾತ್ರಿ ಅಲ್ಲೇ ಮಲಗಿ, ಬೆಳಗ್ಗೆ ಆರಕ್ಕೋ ಆರೂವರೆಗೋ ಅದೇ ಬಸ್ಸನ್ನು ಕೆಳಗೆ ತರುತ್ತಾರೆ. ಶಾಲೆ ಕಾಲೇಜಿನ ಮಕ್ಕಳು, ಹಾಲು ತರಕಾರಿಯವರು ಅದರಲ್ಲೇ ಪೇಟೆಗೆ ಹೋಗುತ್ತಾರೆ. ಊರಿನವರಿಗೆ ಅದು ಮನೆಗೆ ಬರುವ ಬಸ್ಸು, ಆದ್ದರಿಂದ ಅವರ ಮಟ್ಟಿಗೆ ಅದೇ ಲಾಸ್ಟ್. ನಿಮಗೆ ಬೇಕಾದ್ದು ಎದುರು ದಿಕ್ಕಿನದ್ದು, ಅದು ನಾಲ್ಕಕ್ಕೋ ನಾಲ್ಕೂವರೆಗೋ ಹೋಗಿಬಿಟ್ಟಿರುತ್ತದೆ. ಹಾಗಾಗಿ ಪ್ರಶ್ನೆಯನ್ನೇ ಬದಲಿಸಿ: "ಇಲ್ಲಿಂದ ವಿರಾಜಪೇಟೆಗೆ ಹೋಗುವ ಕೊನೇ ಬಸ್ ಯಾವಾಗ? ಅದು ಭಾನುವಾರವೂ ಇರುತ್ತಾ?"

ಭಾನುವಾರದ್ದು ಬೇರೆ ಕತೆ. ಶಾಲೆ ಮಕ್ಕಳನ್ನು ನಂಬಿಕೊಂಡ ಟ್ರಿಪ್ಪುಗಳು ಅಂದು ಇರುವುದಿಲ್ಲ. ಮದುವೆ ಸೀಸನ್ನಿನಲ್ಲಿ ಖಾಸಗಿ ಬಸ್ಸುಗಳು ದಿಬ್ಬಣಕ್ಕೆ ಹೋಗುತ್ತವೆ. ಜಾತ್ರೆ, ಚುನಾವಣೆ, ದೊಡ್ಡ ಸಭೆ ಇದ್ದರೆ ಸರ್ಕಾರಿ ಬಸ್ಸುಗಳೂ ಆ ಕಡೆ ತಿರುಗುತ್ತವೆ. ಒಬ್ಬರನ್ನೇ ಕೇಳಿ ಸುಮ್ಮನಾಗಬೇಡಿ. ನೀವು ಬಂದ ಬಸ್ಸಿನ ಕಂಡಕ್ಟರನ್ನು ಕೇಳಿ, ಇಳಿದ ಮೇಲೆ ಸ್ಟಾಪಿನ ಎದುರಿನ ಹೋಟೆಲಿನವರನ್ನು ಕೇಳಿ. ಇಬ್ಬರೂ ಒಂದೇ ಹೊತ್ತು ಹೇಳಿದರೆ ನಂಬಬಹುದು. ಬೇರೆ ಬೇರೆ ಹೇಳಿದರೆ ಮೊದಲಿನ ಹೊತ್ತನ್ನೇ ಹಿಡಿಯಿರಿ. ಬಸ್ ತಪ್ಪಿದರೆ ಬಾಡಿಗೆಗೆ ಬರುವ ಜೀಪು ಅಥವಾ ಆಟೋದವರ ನಂಬರನ್ನೂ ಆ ಹೋಟೆಲಿನಲ್ಲೇ ತೆಗೆದುಕೊಳ್ಳಿ.

ಮಲೆನಾಡಿನ ಬಸ್ಸುಗಳ ಬಗ್ಗೆ ಇನ್ನೊಂದು ಮಾತು. ಕೊಡಗು, ದಕ್ಷಿಣ ಕನ್ನಡ, ಉಡುಪಿ, ಶೃಂಗೇರಿ, ಕೊಪ್ಪ, ತೀರ್ಥಹಳ್ಳಿ ಕಡೆ ಒಳಊರುಗಳಿಗೆ ಓಡುವುದು ಜಾಸ್ತಿ ಖಾಸಗಿ ಬಸ್ಸುಗಳು. ಅವುಗಳ ವೇಳಾಪಟ್ಟಿ ಮೊಬೈಲಿನಲ್ಲಿ ಸಿಗುವುದು ಅಪರೂಪ. ಸಿಕ್ಕರೂ ಹಳೆಯದಿರುತ್ತದೆ. ಕೊಪ್ಪದಲ್ಲಿ ಕೆಲಸಗಾರರೇ ಸೇರಿ 1991ರಲ್ಲಿ ಕಟ್ಟಿ ನಡೆಸಿದ ಸಹಕಾರ ಸಾರಿಗೆ ಆ ಭಾಗದ ಹಳ್ಳಿಹಳ್ಳಿಗೂ ಬಸ್ ಓಡಿಸುತ್ತಿತ್ತು. ಅದು 2020ರಲ್ಲಿ ನಿಂತಿತು. ಅದರ ಸಮಯಗಳನ್ನು ಬರೆದಿಟ್ಟ ಹಳೆಯ ಚಾರಣ ಬರಹಗಳು ಇಂದಿಗೂ ಓಡಾಡುತ್ತಿವೆ. ಅವನ್ನು ಓದಿಕೊಂಡು ಹೊರಟರೆ ಸ್ಟಾಪಿನಲ್ಲೇ ಸಂಜೆಯಾಗುತ್ತದೆ.

ಈಗ ನಿಮ್ಮ ಬೆಟ್ಟಕ್ಕೆ ಬರೋಣ. ಮೊದಲ ಸಲಕ್ಕೆ ನಾನು ತಡಿಯಂಡಮೋಳ್ ಹೇಳುತ್ತೇನೆ. ಕೊಡಗಿನ ಅತಿ ಎತ್ತರದ ಶಿಖರ, 1748 ಮೀಟರ್. ಆದರೆ ಶುರುವಾಗುವ ಜಾಗವೇ ಎತ್ತರದಲ್ಲಿರುವುದರಿಂದ ಹತ್ತುವುದು ಹೆಸರಿಗೆ ತಕ್ಕಷ್ಟು ಕಷ್ಟವಿಲ್ಲ. ಬೆಂಗಳೂರಿನ ಮೈಸೂರು ರಸ್ತೆ ಸ್ಯಾಟಲೈಟ್ ನಿಲ್ದಾಣದಿಂದ ವಿರಾಜಪೇಟೆಗೆ ರಾತ್ರಿ ಬಸ್ ಹಿಡಿಯಿರಿ. ಬೆಳಕು ಹರಿಯುವ ಹೊತ್ತಿಗೆ ಅಲ್ಲಿರುತ್ತೀರಿ. ಅಲ್ಲಿಂದ ಕಕ್ಕಬೆ ಮೇಲೆ ಹೋಗುವ ಬಸ್ ಹತ್ತಿ, "ಕೈಕಂಬದಲ್ಲಿ ಇಳಿಸಿ, ತಡಿಯಂಡಮೋಳಿಗೆ" ಅಂತ ಹೇಳಿದರೆ ಸಾಕು. ಆ ದಾರಿಯ ಕಂಡಕ್ಟರುಗಳಿಗೆಲ್ಲ ಅದು ಗೊತ್ತು.

ಕೈಕಂಬದಿಂದ ಶಿಖರಕ್ಕೆ ಸುಮಾರು 7 ಕಿಲೋಮೀಟರ್. ಅರ್ಧದಷ್ಟು ದಾರಿ ಕಾಫಿ ತೋಟಗಳ ನಡುವಿನ ರಸ್ತೆ. ಹತ್ತಿರದಲ್ಲೇ ನಾಲ್ಕುನಾಡು ಅರಮನೆ ಇದೆ. ದೊಡ್ಡ ವೀರರಾಜೇಂದ್ರ 1790ರ ದಶಕದಲ್ಲಿ ಕಟ್ಟಿಸಿದ್ದು. ಹಂಚಿನ ಮಾಡಿನ, ಮರದ ಕೆತ್ತನೆಯ ಕಟ್ಟಡ. ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜೇಂದ್ರ 1834ರಲ್ಲಿ ಬ್ರಿಟಿಷರು ನುಗ್ಗಿದಾಗ ಬಂದು ಸೇರಿಕೊಂಡದ್ದು ಇಲ್ಲೇ. ಅರಮನೆ ನೋಡುವುದನ್ನು ಇಳಿದ ಮೇಲೆ ಇಟ್ಟುಕೊಳ್ಳಿ. ಬೆಳಗಿನ ತಂಪನ್ನು ಅಲ್ಲಿ ಕಳೆಯಬೇಡಿ.

ತೋಟಗಳು ಮುಗಿದ ಮೇಲೆ ಅರಣ್ಯ ಇಲಾಖೆಯವರಿಗೆ ಮೊದಲೇ ಬುಕ್ ಮಾಡಿದ ಟಿಕೆಟ್ ತೋರಿಸಿ ಮುಂದೆ ಹೋಗಬೇಕು. ಅಲ್ಲಿಂದ ಮಣ್ಣಿನ ದಾರಿ, ಒಂದೆರಡು ಕಡೆ ಝರಿ. ಒಂದು ದೊಡ್ಡ ಬಂಡೆಯ ಹತ್ತಿರ ಎಲ್ಲರೂ ಕೂತು ಸುಧಾರಿಸಿಕೊಳ್ಳುತ್ತಾರೆ. ನಿಜವಾದ ಹತ್ತುವಿಕೆ ಅದರ ಆಚೆಗೆ. ಹುಲ್ಲಿನ ಇಳಿಜಾರು ಕಡಿದಾಗುತ್ತ ಹೋಗಿ, ಕೊನೆಯ ಭಾಗದಲ್ಲಿ ಶೋಲಾ ಕಾಡಿನೊಳಗೆ ನುಗ್ಗುತ್ತೀರಿ. ಶೋಲಾ ಅಂದರೆ ಬೆಟ್ಟದ ಮಡಿಕೆಗಳಲ್ಲಿ ಮಾತ್ರ ಒತ್ತಾಗಿ ಬೆಳೆಯುವ ಕುಳ್ಳು ಮರಗಳ ಕಾಡು. ಗಾಳಿ ಹೊಡೆಯುವ ದಿಬ್ಬದ ಮೇಲೆಲ್ಲ ಹುಲ್ಲು, ನೀರು ಇಳಿಯುವ ಮಡಿಕೆಯಲ್ಲಿ ಮರ. ಮಳೆಗಾಲದ ನೀರನ್ನು ಹಿಡಿದಿಟ್ಟು ಬೇಸಿಗೆಯವರೆಗೆ ಝರಿಗೆ ಬಿಡುವುದು ಈ ಕಾಡು ಮತ್ತು ಹುಲ್ಲುಗಾವಲಿನ ಜೋಡಿಯೇ. ಒಳಗೆ ಹೋದ ಕೂಡಲೇ ತಂಪು ಮೈಗೆ ತಾಕುತ್ತದೆ. ಕೊಂಬೆಗಳ ಮೇಲೆ ಪಾಚಿ, ಆರ್ಕಿಡ್, ಕಾಲಡಿಯಲ್ಲಿ ಕೊಳೆತೆಲೆಯ ಮೆತ್ತೆ. ಇಲ್ಲಿ ಬೇರುಗಳನ್ನೇ ಮೆಟ್ಟಿಲು ಮಾಡಿಕೊಂಡು ಹತ್ತಬೇಕು, ನಿಧಾನ ಮಾಡಿ.

ಲೆಕ್ಕ ಹೀಗೆ ಹಾಕಿ. ಹತ್ತಲು ಮೂರೂವರೆ ಗಂಟೆ, ಮೇಲೆ ಅರ್ಧ ಗಂಟೆ, ಇಳಿಯಲು ಎರಡೂವರೆ ಗಂಟೆ. ಒಟ್ಟು ಆರೂವರೆ. ಕೈಕಂಬದಿಂದ ವಾಪಸ್ ಬಸ್ಸು ನಾಲ್ಕೂವರೆಗೆ ಇದೆ ಅಂತ ಇಟ್ಟುಕೊಳ್ಳಿ. ನಾಲ್ಕಕ್ಕೆ ನೀವು ಸ್ಟಾಪಿನಲ್ಲಿರಬೇಕು. ಅಂದರೆ ಬೆಳಗ್ಗೆ ಒಂಬತ್ತೂವರೆ ಒಳಗೆ ನಡೆಯಲು ಶುರು ಮಾಡಲೇಬೇಕು, ಎಂಟಕ್ಕೇ ಶುರು ಮಾಡಿದರೆ ಕೈಯಲ್ಲಿ ಒಂದೂವರೆ ಗಂಟೆ ಉಳಿಯುತ್ತದೆ. ಆ ಉಳಿಕೆ ಹೊತ್ತನ್ನು ಖರ್ಚು ಮಾಡಬೇಡಿ. ಕಾಲು ಉಳುಕಿದರೆ, ಮಂಜು ಕವಿದರೆ ಕೈ ಹಿಡಿಯುವುದು ಅದು. ಇನ್ನೊಂದು, ವಾಪಸ್ ತಿರುಗುವ ಗಂಟೆಯನ್ನು ಕೆಳಗೇ ನಿರ್ಧರಿಸಿಕೊಳ್ಳಿ. ಹನ್ನೆರಡೂವರೆ ಅಂತ ಮಾತಾಡಿಕೊಂಡಿದ್ದರೆ, ಹನ್ನೆರಡೂವರೆಗೆ ಶಿಖರ ಹತ್ತು ನಿಮಿಷ ದೂರದಲ್ಲಿದ್ದರೂ ತಿರುಗಿಬಿಡಿ. ಡಿಸೆಂಬರಿನಲ್ಲಿ ಸೂರ್ಯ ಮುಳುಗುವುದು ಆರರ ಆಸುಪಾಸು. ಮರಗಳ ಕೆಳಗೆ ಅದಕ್ಕಿಂತ ಅರ್ಧ ಗಂಟೆ ಮೊದಲೇ ಕತ್ತಲು.

ಕುಮಾರ ಪರ್ವತದ ಹೆಸರು ನೀವೂ ಕೇಳಿರುತ್ತೀರಿ, ಎಲ್ಲರೂ ಅದರಿಂದಲೇ ಶುರು ಮಾಡಲು ನೋಡುತ್ತಾರೆ. ದಯವಿಟ್ಟು ಮೊದಲ ಸಲಕ್ಕೆ ಅದು ಬೇಡ. ಕುಕ್ಕೆ ಇರುವುದು ಘಟ್ಟದ ಕೆಳಗೆ, ಶಿಖರ 1712 ಮೀಟರ್. ಹತ್ತಿರ ಹತ್ತಿರ 1600 ಮೀಟರ್ ಏರಬೇಕು. ನಮ್ಮ ರಾಜ್ಯದಲ್ಲಿ ಒಂದೇ ದಾರಿಯಲ್ಲಿ ಇಷ್ಟು ಏರು ಇರುವ ಬೆಟ್ಟ ಸಿಗುವುದು ಕಷ್ಟ. ಒಂದು ಬದಿಗೇ ಸುಮಾರು 13 ಕಿಲೋಮೀಟರ್. ದೇವರಗದ್ದೆಯಿಂದ ಶುರುವಾಗಿ ಮೊದಲ ಐದಾರು ಕಿಲೋಮೀಟರ್ ದಟ್ಟ ಕಾಡು. ಕಲ್ಲು, ಬೇರು, ಬೆವರು ಬಿಟ್ಟರೆ ಏನೂ ಕಾಣುವುದಿಲ್ಲ. ಅದು ಮುಗಿದ ಮೇಲೆ ಗಿರಿಗದ್ದೆ, ಅಲ್ಲಿ ಭಟ್ಟರ ಮನೆ. ಮೊದಲೇ ಹೇಳಿಟ್ಟಿದ್ದರೆ ಅನ್ನ ಸಾರು ಮಜ್ಜಿಗೆಯ ಊಟ ಸಿಗುತ್ತದೆ ಅನ್ನುವುದೇ ಈ ದಾರಿಯ ಹೆಸರುವಾಸಿ. ಹತ್ತಿರದಲ್ಲೇ ಅರಣ್ಯ ಇಲಾಖೆಯ ಚೆಕ್‌ಪೋಸ್ಟ್. ಅಲ್ಲಿಂದ ಮೇಲೆ ನೆರಳಿಲ್ಲದ ಹುಲ್ಲುಗುಡ್ಡ, ಕಲ್ಲು ಮಂಟಪ, ಶೇಷ ಪರ್ವತ, ಮತ್ತೆ ಒಂದು ತುಂಡು ಕಾಡು ಇಳಿದು ಹತ್ತಿದರೆ ಶಿಖರ. ಮಧ್ಯಾಹ್ನ ಹನ್ನೆರಡರ ಬಿಸಿಲಲ್ಲಿ ಆ ಹುಲ್ಲುಗುಡ್ಡದಲ್ಲಿ ಸಿಕ್ಕಿಕೊಂಡವರು ನೀರಿಗೆ ಒದ್ದಾಡುವುದನ್ನು ನೋಡಿದ್ದೇನೆ. ಒಬ್ಬೊಬ್ಬರು ಮೂರು ಲೀಟರ್ ನೀರು ಹೊತ್ತಿರಬೇಕು.

ಎರಡು ಮೂರು ಬೆಟ್ಟ ನಡೆದು ಕಾಲು ಗಟ್ಟಿಯಾದ ಮೇಲೆ ಕುಮಾರ ಪರ್ವತಕ್ಕೆ ಹೋಗಿ. ಆಗ ನಿಮಗೆ ಬಸ್ಸಿನ ದೊಡ್ಡ ಲಾಭ ತಿಳಿಯುತ್ತದೆ. ಕಾರಿನಲ್ಲಿ ಬಂದವರು ಕಾರು ನಿಲ್ಲಿಸಿದ ಜಾಗಕ್ಕೇ ಇಳಿಯಬೇಕು. ಬಸ್ಸಿನಲ್ಲಿ ಬಂದವರಿಗೆ ಆ ಹಗ್ಗವಿಲ್ಲ. ಒಂದು ಬದಿಯಿಂದ ಹತ್ತಿ ಇನ್ನೊಂದು ಬದಿಗೆ ಇಳಿಯಬಹುದು. ಕುಮಾರ ಪರ್ವತಕ್ಕೆ ಕೊಡಗಿನ ಕಡೆಯಿಂದ ಬೀಡಳ್ಳಿಯ ದಾರಿ ಇದೆ. ಸೋಮವಾರಪೇಟೆಗೆ ಬಂದು, ಶಾಂತಳ್ಳಿ ಮೇಲೆ ಹೋಗುವ ಲೋಕಲ್ ಬಸ್ಸಿನಲ್ಲಿ ಬೀಡಳ್ಳಿಗೆ ಹೋಗಬೇಕು. ಮಲ್ಲಳ್ಳಿ ಜಲಪಾತ ಅದೇ ಕಡೆ. ಅಲ್ಲಿಂದ ಶಿಖರ ಸುಮಾರು 7 ಕಿಲೋಮೀಟರ್, ಏರು ಕುಕ್ಕೆ ಕಡೆಗಿಂತ ಬಹಳ ಕಡಿಮೆ. ಮಧ್ಯೆ ನುಣುಪಾದ ಬಂಡೆಯ ಇಳಿಜಾರುಗಳು ಸಿಗುತ್ತವೆ. ಅವನ್ನು ಹತ್ತುವುದು ಸುಲಭ, ಇಳಿಯುವುದು ಭಯ. ಅದಕ್ಕೇ ಬೀಡಳ್ಳಿಯಿಂದ ಹತ್ತಿ ಕುಕ್ಕೆಗೆ ಇಳಿಯುವುದು ನನ್ನ ಮೆಚ್ಚಿನ ಕ್ರಮ. ಇಳಿದ ಊರಿನಲ್ಲಿ ಬೆಂಗಳೂರಿಗೆ ರಾತ್ರಿ ಬಸ್ಸಿರುತ್ತದೆ, ಸ್ನಾನಕ್ಕೆ ರೂಮು, ಊಟ ಎಲ್ಲ ಸಿಗುತ್ತದೆ. ಬಸ್ಸು ಕಡಿಮೆ ಇರುವ ಬದಿಯಿಂದ ಬೆಳಗ್ಗೆ ಹತ್ತಿ, ಬಸ್ಸು ಜಾಸ್ತಿ ಇರುವ ಬದಿಗೆ ಸಂಜೆ ಇಳಿಯುವುದು. ಯಾವ ಬೆಟ್ಟಕ್ಕಾದರೂ ಇದನ್ನೇ ನೋಡಿ. ಆದರೆ ಒಂದು ಬದಿಯಿಂದ ಹತ್ತಿ ಇನ್ನೊಂದು ಬದಿಗೆ ಇಳಿಯಲು ಅನುಮತಿ ಇದೆಯಾ, ರಾತ್ರಿ ಉಳಿಯಲು ಬಿಡುತ್ತಾರಾ ಅಂತ ಬುಕ್ ಮಾಡುವಾಗಲೇ ನೋಡಿಕೊಳ್ಳಿ. ಕುಕ್ಕೆಯಲ್ಲಿ ಚಂಪಾಷಷ್ಠಿಯ ಜಾತ್ರೆ ನವೆಂಬರ್ ಕೊನೆ, ಡಿಸೆಂಬರ್ ಹೊತ್ತಿಗೆ ಬರುತ್ತದೆ. ಆ ವಾರ ಬಸ್ಸಲ್ಲೂ ಜಾಗವಿಲ್ಲ, ರೂಮೂ ಇಲ್ಲ.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ನರಸಿಂಹ ಪರ್ವತಕ್ಕಾದರೆ ಶೃಂಗೇರಿಗೆ ರಾತ್ರಿ ಬಸ್ಸಿದೆ, ಅಲ್ಲಿಂದ ಕಿಗ್ಗ ಹತ್ತು ಕಿಲೋಮೀಟರ್ ಆಸುಪಾಸು. ಕಿಗ್ಗದ ಋಷ್ಯಶೃಂಗ ದೇವರಿಗೆ ಮಳೆ ಬೇಕು ಅಂತಲೂ ಬೇಡಿಕೊಳ್ಳುತ್ತಾರೆ, ಮಳೆ ಸಾಕು ಅಂತಲೂ ಬೇಡಿಕೊಳ್ಳುತ್ತಾರೆ. ನರಸಿಂಹ ಪರ್ವತದ ಕಾಡು ಆಗುಂಬೆಯ ಕಾಡಿಗೆ ಸೇರಿಕೊಂಡಿದ್ದು, ವರ್ಷಕ್ಕೆ 7000 ಮಿಲಿಮೀಟರಿಗೂ ಜಾಸ್ತಿ ಮಳೆ ಕುಡಿಯುವ ನೆಲ. ಒಳ್ಳೆಯ ಎರಡನೇ ಬೆಟ್ಟ ಇದು. ಕೊಡಚಾದ್ರಿ 1343 ಮೀಟರ್. ಜೀಪುಗಳು ಮೇಲಿನವರೆಗೂ ಹೋಗುವುದರಿಂದ ತುದಿಯಲ್ಲಿ ಗದ್ದಲ. ಆದರೆ ಕೊಲ್ಲೂರು ಕಡೆಯಿಂದ ಮೂಕಾಂಬಿಕಾ ಅಭಯಾರಣ್ಯದೊಳಗಿನ ಕಾಲುದಾರಿಯಲ್ಲಿ ಹೋದರೆ ಬೆಟ್ಟ ಹತ್ತಿದ ತೃಪ್ತಿ ಸಿಗುತ್ತದೆ. ಮೇಲೆ ಮೂಲ ಮೂಕಾಂಬಿಕೆಯ ಗುಡಿ ಎದುರು ನಿಂತಿರುವ ಹಳೆಯ ಕಬ್ಬಿಣದ ಕಂಬ ನೋಡದೆ ಬರಬೇಡಿ. ಕೊಲ್ಲೂರಿಗೆ ಬೆಂಗಳೂರಿನಿಂದ ನೇರ ಬಸ್ಸಿದೆ, ಶಿವಮೊಗ್ಗದಿಂದಲೂ ಬರಬಹುದು. ಕುದುರೆಮುಖ ಸುಂದರ. 1987ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು, 2005ರ ಕೊನೆಗೆ ಅಲ್ಲಿನ ಅದಿರು ಗಣಿಗಾರಿಕೆ ನಿಂತಿತು. ಹುಲ್ಲುಗಾವಲು ಮತ್ತು ಶೋಲಾ ಇಷ್ಟು ಹರಡಿಕೊಂಡು ಕಾಣುವುದು ಬೇರೆಲ್ಲೂ ಕಡಿಮೆ. ಹೊರನಾಡು ಬಸ್ಸಿನಲ್ಲಿ ಕಳಸದವರೆಗೆ ಬರಬಹುದು. ಆದರೆ ಮುಳ್ಳೋಡಿಯವರೆಗೆ ಜೀಪು ಮಾಡಬೇಕಾಗುತ್ತದೆ, ಅಲ್ಲಿಂದ ಹೋಗಿ ಬರಲು ಸುಮಾರು 20 ಕಿಲೋಮೀಟರ್. ಒಂದೇ ದಿನದಲ್ಲಿ ಬಸ್ ಹಿಡಿಯುವ ಆಸೆ ಬಿಟ್ಟು, ಕಳಸ ಅಥವಾ ಸಂಸೆ ಕಡೆ ಹಿಂದಿನ ದಿನವೇ ಉಳಿದುಕೊಳ್ಳಿ. ಜೀಪಿನ ವ್ಯವಸ್ಥೆಯನ್ನು ಹೋಂಸ್ಟೇಯವರೇ ಮಾಡಿಕೊಡುತ್ತಾರೆ.

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ರೈಲು ಹಳಿಯ ಮೇಲೆ ನಡೆಯುವ ಫೋಟೋಗಳನ್ನು ನಿಮ್ಮ ತಂಗಿ ನೋಡಿರಬಹುದು. 57 ಸುರಂಗಗಳ ಆ ದಾರಿಯಲ್ಲಿ ನಡೆಯುವುದು ನಿಷೇಧ. ಸುರಂಗ ಮತ್ತು ಸೇತುವೆ ಮೇಲೆ ಪಕ್ಕಕ್ಕೆ ಸರಿಯಲು ಜಾಗವೇ ಇರುವುದಿಲ್ಲ. ಆ ಕಾಡು ನೋಡಬೇಕಾ, ಹಗಲು ರೈಲಿನಲ್ಲಿ ಕಿಟಕಿ ಪಕ್ಕ ಕೂತು ನೋಡಿ.

ಅನುಮತಿಯ ವಿಷಯ. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಕುಮಾರ ಪರ್ವತದಲ್ಲಿ ಜನ ಸಾಲುಗಟ್ಟಿ ನಿಂತ ಚಿತ್ರಗಳು ಎಲ್ಲೆಡೆ ಹರಿದಾಡಿದವು. ಅದಾದ ಮೇಲೆ ಸರ್ಕಾರ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನು ನಿಲ್ಲಿಸಿ, ದಿನಕ್ಕೆ ಇಷ್ಟೇ ಜನ ಅಂತ ಮಿತಿ ಹಾಕಿತು. ಈಗ ಅರಣ್ಯ ಇಲಾಖೆಯ 'ಅರಣ್ಯ ವಿಹಾರ' ಜಾಲತಾಣದಲ್ಲಿ ಬುಕ್ ಮಾಡಬೇಕು. ಇದರಿಂದ ನಿಮ್ಮ ಕೆಲಸದ ಕ್ರಮವೂ ಬದಲಾಗುತ್ತದೆ: ಮೊದಲು ಚಾರಣದ ಟಿಕೆಟ್, ಅದು ಸಿಕ್ಕ ಕೂಡಲೇ ಭಾನುವಾರ ರಾತ್ರಿ ಬೆಂಗಳೂರಿಗೆ ವಾಪಸ್ ಬರುವ ಬಸ್ಸಿನ ಸೀಟು, ಕೊನೆಗೆ ಹೋಗುವ ಸೀಟು. ಭಾನುವಾರ ರಾತ್ರಿಯ ಸೀಟುಗಳೇ ಎಲ್ಲಕ್ಕಿಂತ ಮೊದಲು ಮುಗಿಯುತ್ತವೆ. ಶನಿವಾರ ರಾತ್ರಿ ವಾಪಸ್ ಬರುವ ಹಾಗೆ ಶುಕ್ರವಾರ ಹೊರಟರೆ ಇನ್ನೂ ಒಳ್ಳೆಯದು. ಬೆಟ್ಟದಲ್ಲೂ ಜನ ಕಡಿಮೆ, ಬಸ್ಸಲ್ಲೂ ಜಾಗ ಸಿಗುತ್ತದೆ, ಭಾನುವಾರ ಕಾಲು ಚಾಚಿ ಮಲಗಬಹುದು.

ಕಾಲ ಅಂದರೆ ಅಕ್ಟೋಬರ್ ಕೊನೆಯಿಂದ ಜನವರಿ ತನಕ. ಜೋರು ಮಳೆಯಲ್ಲಿ ಬಹುಪಾಲು ದಾರಿಗಳನ್ನು ಇಲಾಖೆಯೇ ಮುಚ್ಚುತ್ತದೆ. ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದರೆ ಬಸ್ಸುಗಳು ಚಾರ್ಮಾಡಿ ಸುತ್ತಿಕೊಂಡು ಬರುತ್ತವೆ ಅಥವಾ ಬರುವುದೇ ಇಲ್ಲ. ಫೆಬ್ರವರಿ ಬಂತೆಂದರೆ ಹುಲ್ಲು ಒಣಗಿ ಕಾಡ್ಗಿಚ್ಚಿನ ಭಯ, ಆಗಲೂ ಮುಚ್ಚುತ್ತಾರೆ. ಬೆಂಕಿ ಮಾತ್ರ ಯಾವ ಕಾಲದಲ್ಲೂ ಹಚ್ಚಬೇಡಿ, ಚಹಾ ಮಾಡುವಷ್ಟೂ ಬೇಡ. ಆ ಹುಲ್ಲುಗಾವಲಿಗೆ ಬಿದ್ದ ಕಿಡಿ ಶೋಲಾದ ಅಂಚನ್ನು ಸುಟ್ಟರೆ ಆ ಮರಗಳು ಮತ್ತೆ ಬರಲು ತಲೆಮಾರುಗಳು ಬೇಕು.

ಇಬ್ಬರೇ ಹೋಗುವ ಪ್ರಶ್ನೆಗೆ ನೇರವಾಗಿ ಹೇಳುತ್ತೇನೆ. ಬಸ್ಸು, ಊರು, ಹೋಂಸ್ಟೇ ಮಟ್ಟಿಗೆ ಇಬ್ಬರು ಹೆಣ್ಣುಮಕ್ಕಳು ಓಡಾಡುವುದಕ್ಕೆ ಈ ಭಾಗ ಒಳ್ಳೆಯದೇ. ಬೆಳಗಿನ ಲೋಕಲ್ ಬಸ್ಸಿನಲ್ಲಿ ಹೆಂಗಸರೇ ಜಾಸ್ತಿ. ಪಕ್ಕದಲ್ಲಿ ಕೂತ ಅಮ್ಮನವರಿಗೆ ಎಲ್ಲಿಗೆ ಹೋಗುತ್ತಿದ್ದೀರಿ ಅಂತ ಹೇಳಿ. ಅರ್ಧ ಊರಿನ ಸುದ್ದಿ, ದಾರಿ, ಬಸ್ಸು ಎಲ್ಲ ಗೊತ್ತಾಗುತ್ತದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ನಿಮಗೆ ಟಿಕೆಟ್ ದುಡ್ಡಿಲ್ಲ, ಗುರುತಿನ ಚೀಟಿ ಇಟ್ಟುಕೊಂಡರೆ ಸಾಕು. ರಾಜಹಂಸ, ಸ್ಲೀಪರ್, ಖಾಸಗಿ ಬಸ್ಸಿಗೆ ಅದು ನಡೆಯುವುದಿಲ್ಲ.

ಕಾಡಿನ ಮಟ್ಟಿಗೆ ಇಬ್ಬರು ಕಡಿಮೆ, ಗಂಡಸರಾದರೂ ಅಷ್ಟೇ. ಒಬ್ಬರ ಕಾಲು ಮುರಿದರೆ ಇನ್ನೊಬ್ಬರು ಸಹಾಯ ತರಲು ಹೋಗಬೇಕು, ಆಗ ಇಬ್ಬರೂ ಒಂಟಿ. ನಾಲ್ವರಾದರೆ ಈ ಕಷ್ಟವಿಲ್ಲ. ಸ್ನೇಹಿತೆಯರು ಸಿಗದಿದ್ದರೆ ಊರಿನ ಒಬ್ಬರನ್ನು ದಾರಿ ತೋರಿಸಲು ಕರೆದುಕೊಳ್ಳಿ. ಅವರಿಗೆ ಕೊಡುವ ದುಡ್ಡಿಗೆ ಚೌಕಾಸಿ ಬೇಡ. ಆನೆ ನಿನ್ನೆ ರಾತ್ರಿ ಯಾವ ಕಡೆ ಇತ್ತು ಅಂತ ಅವರಿಗೆ ಗೊತ್ತಿರುತ್ತದೆ, ನಿಮಗೂ ನನಗೂ ಗೊತ್ತಿರುವುದಿಲ್ಲ. ಕುಮಾರ ಪರ್ವತದ ಕಾಡಿನಲ್ಲೂ ಕೊಡಗಿನ ಕಾಡುಗಳಲ್ಲೂ ಆನೆ ಇದೆ, ಕುದುರೆಮುಖದಲ್ಲಿ ಕಾಟಿ, ಅಂದರೆ ಕಾಡುಕೋಣ, ಸಾಮಾನ್ಯ. ಬಿಸಿ ಬಿಸಿ ಲದ್ದಿ, ಆಗಷ್ಟೇ ಮುರಿದ ಕೊಂಬೆ ಕಂಡರೆ ಮುಂದೆ ಹೋಗದೆ ಸದ್ದಿಲ್ಲದೆ ಹಿಂದೆ ಬನ್ನಿ. ಮನೆಯವರಿಗೆ ಬೆಟ್ಟದ ಹೆಸರು, ಹತ್ತುವ ಊರು, ಇಳಿಯುವ ಊರು, ಯಾವ ಬಸ್ಸಲ್ಲಿ ವಾಪಸ್, ಎಷ್ಟು ಗಂಟೆಯ ಒಳಗೆ ಫೋನ್ ಬರಬೇಕು, ಬರದಿದ್ದರೆ ಯಾರಿಗೆ ಕರೆ ಮಾಡಬೇಕು ಅಂತ ಬರೆದುಕೊಟ್ಟು ಹೋಗಿ. ಮೇಲೆ ನೆಟ್‌ವರ್ಕ್ ಸಿಗುತ್ತದೆ ಅನ್ನುವ ಲೆಕ್ಕ ಬೇಡ. ಚಿಲ್ಲರೆ ನೋಟುಗಳೂ ಜೇಬಿನಲ್ಲಿರಲಿ, ಮೊಬೈಲಿನಲ್ಲಿ ದುಡ್ಡು ಕಟ್ಟಲು ಆಗದ ಜಾಗಗಳು ಬಹಳ.

ದಾರಿ ತಪ್ಪುವುದು ಕಾಡಿನೊಳಗೆ ಅಂತ ಜನ ಅಂದುಕೊಳ್ಳುತ್ತಾರೆ. ನಾನು ನೋಡಿದ ಮಟ್ಟಿಗೆ ತಪ್ಪುವುದು ಬಯಲಿನಲ್ಲಿ. ಕಾಡಿನಲ್ಲಿ ದಾರಿ ಒಂದೇ ಇರುತ್ತದೆ. ಹುಲ್ಲುಗುಡ್ಡಕ್ಕೆ ಬಂದ ಮೇಲೆ ದನದ ಜಾಡು, ಕಾಟಿಯ ಜಾಡು, ಮಳೆ ನೀರಿನ ಜಾಡು ಎಲ್ಲ ದಾರಿಯ ಹಾಗೇ ಕಾಣುತ್ತವೆ. ಹತ್ತುವಾಗ ಶಿಖರ ಎದುರಿಗಿರುತ್ತದೆ, ತಪ್ಪುವುದಿಲ್ಲ. ಇಳಿಯುವಾಗ ಮಂಜು ಬಂದರೆ ಕಾಡಿನ ಬಾಯಿಗಳೆಲ್ಲ ಒಂದೇ ತರಹ ಕಾಣುತ್ತವೆ, ನೀವು ಹೊರಬಂದ ಬಾಯಿ ಯಾವುದು ಅಂತ ಗೊತ್ತಾಗುವುದಿಲ್ಲ. ಅದಕ್ಕೇ ಪ್ರತಿ ಸಲ ಮರಗಳ ನಡುವಿನಿಂದ ಹೊರಗೆ ಬಂದ ಕೂಡಲೇ ಹಿಂದೆ ತಿರುಗಿ, ಬಂದ ಜಾಗದ ಒಂದು ಫೋಟೋ ತೆಗೆಯಿರಿ. ಪಕ್ಕದಲ್ಲಿ ಒಣಮರ ಇದೆಯಾ, ಬಂಡೆ ಇದೆಯಾ ನೋಡಿಟ್ಟುಕೊಳ್ಳಿ. ನಕ್ಷೆಯನ್ನೂ ಮೊಬೈಲಿಗೆ ಮೊದಲೇ ಇಳಿಸಿಕೊಂಡಿರಿ. ಮಂಜು ಕವಿದಾಗ ನಡೆಯಬೇಡಿ, ಕೂತುಬಿಡಿ. ಎಷ್ಟೋ ಸಲ ಸ್ವಲ್ಪ ಹೊತ್ತಿನಲ್ಲೇ ಸರಿಯುತ್ತದೆ.

ಚೀಲ ದೊಡ್ಡದು ಬೇಡ. 25–30 ಲೀಟರಿನದ್ದು ತೊಡೆಯ ಮೇಲೆ ಕೂರುತ್ತದೆ. ಲೋಕಲ್ ಬಸ್ಸಿನಲ್ಲಿ ನಿಂತು ಹೋಗಬೇಕಾಗಿ ಬಂದಾಗ ಇದರ ಬೆಲೆ ತಿಳಿಯುತ್ತದೆ. ನೀರು, ಎರಡು ಹೊತ್ತಿನ ಬುತ್ತಿ, ಟಾರ್ಚು, ಮಳೆ ಅಂಗಿ, ಒಂದು ಜೊತೆ ಒಣ ಕಾಲುಚೀಲ ಇದ್ದರೆ ಸಾಕು. ಬುತ್ತಿಗೆ ಚಪಾತಿ, ಚಿತ್ರಾನ್ನಕ್ಕಿಂತ ಅವಲಕ್ಕಿ, ಕಡಲೆ, ಬೆಲ್ಲ, ಬಾಳೆಹಣ್ಣು ವಾಸಿ, ಹಾಳಾಗುವುದಿಲ್ಲ. ತಂದ ಪ್ಲಾಸ್ಟಿಕ್ಕೆಲ್ಲ ನಿಮ್ಮ ಚೀಲದಲ್ಲೇ ವಾಪಸ್ ಬರಲಿ. ಬೆಟ್ಟದ ಬುಡದ ಊರಿನಲ್ಲೂ ಅದನ್ನು ಎಸೆಯಬೇಡಿ, ಅಲ್ಲಿ ಅದನ್ನು ಒಯ್ಯುವವರು ಯಾರೂ ಇಲ್ಲ.

ಇಂಬಳಕ್ಕೆ, ಅಂದರೆ ಕಾಡಿನ ಜಿಗಣೆಗೆ, ಹೆದರಬೇಕಾಗಿಲ್ಲ. ಅಕ್ಟೋಬರ್, ನವೆಂಬರಿನಲ್ಲಿ ಒದ್ದೆ ಕಾಡಿನಲ್ಲಿ ಹತ್ತೇ ಹತ್ತುತ್ತದೆ. ಉಗುರಿನಿಂದ ಅದರ ಬಾಯಿ ಹಿಡಿದ ಜಾಗದಲ್ಲಿ ಮೆಲ್ಲಗೆ ಜಾರಿಸಿದರೆ ಬಿಡುತ್ತದೆ, ಎಳೆಯಬೇಡಿ. ಸ್ವಲ್ಪ ಹೊತ್ತು ರಕ್ತ ಬರುತ್ತದೆ, ಒತ್ತಿ ಹಿಡಿದರೆ ನಿಲ್ಲುತ್ತದೆ. ಕಾಲುಚೀಲದ ಮೇಲೆ ಉಪ್ಪೋ ಹೊಗೆಸೊಪ್ಪಿನ ಪುಡಿಯೋ ಸವರಿಕೊಳ್ಳುವುದು ಊರಿನ ರೂಢಿ. ಬಸ್ ಹತ್ತುವ ಮೊದಲು ಶೂ ಬಿಚ್ಚಿ, ನಾಲಿಗೆಯ ಒಳಗೆ, ಲೇಸಿನ ಸಂದಿಯಲ್ಲಿ ನೋಡಿ. ಅಲ್ಲಿ ಉಳಿದದ್ದು ಪಕ್ಕದ ಸೀಟಿನವರ ಕಾಲಿಗೆ ಹತ್ತುತ್ತದೆ.

ನಿಜವಾಗಿ ಎಚ್ಚರ ಬೇಕಾದ್ದು ಉಣುಗಿನ ಬಗ್ಗೆ, ಅಂದರೆ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಉಣ್ಣೆಯ ಬಗ್ಗೆ. ಎಳ್ಳಿನಷ್ಟು ಸಣ್ಣದು, ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ಮಂಗನ ಕಾಯಿಲೆ ಹರಡುವುದು ಇದರಿಂದ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ವೈರಸ್ ಕಾಯಿಲೆ ಈಗ ಶಿವಮೊಗ್ಗ, ಚಿಕ್ಕಮಗಳೂರು, ಉತ್ತರ ಕನ್ನಡದ ಕಾಡುಗಳಲ್ಲೆಲ್ಲ ಇದೆ. ಡಿಸೆಂಬರಿನಿಂದ ಮೇವರೆಗೆ ಇದರ ಹಾವಳಿ ಜಾಸ್ತಿ, ಅಂದರೆ ಚಾರಣದ ಒಳ್ಳೆಯ ಕಾಲದ ಅರ್ಧ ಭಾಗ ಇದರದ್ದೂ ಹೌದು. ತುಂಬುತೋಳಿನ ಅಂಗಿ, ಕಾಲುಚೀಲದೊಳಗೆ ಸಿಕ್ಕಿಸಿದ ಪ್ಯಾಂಟು ಹಾಕಿ. ಎಲೆರಾಶಿಯ ಮೇಲೆ ಕೂರಬೇಡಿ, ಬಂಡೆಯ ಮೇಲೆ ಕೂತುಕೊಳ್ಳಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಅರಣ್ಯ ಸಿಬ್ಬಂದಿಗೆ ತಿಳಿಸಿ. ಆ ಭಾಗದ ಸರ್ಕಾರಿ ಆಸ್ಪತ್ರೆಗಳಲ್ಲಿ ಕಾಡಿಗೆ ಹೋಗುವವರಿಗೆ ಉಣುಗು ಹತ್ತದ ಹಾಗೆ ಹಚ್ಚಿಕೊಳ್ಳಲು ಡೆಪಾ ಎಣ್ಣೆ ಕೊಡುತ್ತಾರೆ, ಕೇಳಿ ನೋಡಿ.

ರೂಮಿಗೆ ಬಂದ ಕೂಡಲೇ ಬಿಸಿನೀರಲ್ಲಿ ಸ್ನಾನ ಮಾಡಿ, ಬಟ್ಟೆಯನ್ನು ಬೇರೆ ಕಟ್ಟಿಡಿ. ಮಂಡಿಯ ಹಿಂದೆ, ಸೊಂಟದ ಪಟ್ಟಿಯ ಜಾಗ, ಕಂಕುಳು, ಕಿವಿಯ ಹಿಂದೆ, ಕೂದಲಿನ ಬುಡ ಒಬ್ಬರದ್ದೊಬ್ಬರು ನೋಡಿಕೊಳ್ಳಿ. ಕಚ್ಚಿಕೊಂಡಿದ್ದರೆ ಚಿಮುಟದಿಂದ ಚರ್ಮದ ಹತ್ತಿರವೇ ಹಿಡಿದು ನೇರವಾಗಿ ಎತ್ತಿ, ಸೋಪು ಹಾಕಿ ತೊಳೆಯಿರಿ. ಬಂದ ಮೇಲೆ ಹತ್ತು ದಿನದ ಒಳಗೆ ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಮಾತ್ರೆ ನುಂಗಿ ಮಲಗಬೇಡಿ. ಡಾಕ್ಟರ ಹತ್ತಿರ ಹೋಗಿ, ಮಲೆನಾಡಿನ ಯಾವ ಕಾಡಿಗೆ ಯಾವ ತಾರೀಕು ಹೋಗಿದ್ದಿರಿ ಅಂತ ಅವರು ಕೇಳುವ ಮೊದಲೇ ಹೇಳಿ. ಬೆಂಗಳೂರಿನ ಡಾಕ್ಟರು ಡೆಂಗಿ ಅಂದುಕೊಳ್ಳುವುದು ಸಹಜ. ಕಾಡಿನ ವಿಷಯ ತಿಳಿದರೆ ಯಾವ ರಕ್ತಪರೀಕ್ಷೆ ಮಾಡಿಸಬೇಕು ಅನ್ನುವುದು ಅವರಿಗೆ ಹೊಳೆಯುತ್ತದೆ.